ಚಕ್ರೇಶ್ವರಿ ಮೇಡಂ ಅವರ ಹೆಜ್ಜೇನು ಸುತ್ತೋಲೆ

ಶಾಲೆಯ ಗೇಟಿನಲ್ಲಿ ಜವಾನ ಕೆಂಚಯ್ಯ ನನ್ನ ಕಂಕುಳ ಹತ್ತಿರ ಮೂಗು ತಂದು ಒಮ್ಮೆ ಮೂಸಿದ. ಆಮೇಲೆ ಎರಡು ಹೆಜ್ಜೆ ಹಿಂದೆ ಸರಿದು, ಹಾವು ಕಂಡವನ ಹಾಗೆ ಕೈ ಅಡ್ಡ ಹಿಡಿದ.

"ಸಾ, ನೀವು ಒಳೀಕ್ಕೆ ಓಗಂಗಿಲ್ಲ. ಗಮಗಮ ಅಂತಿದ್ದೀರ."

ಜೂನ್ ತಿಂಗಳ ಮೊದಲ ಶನಿವಾರ, ವರ್ಷದ ಮೊದಲ ಪೋಷಕರ ಸಭೆ. ನನ್ನ ಹಿಂದೆ ನಲವತ್ತು ಜನ ತಂದೆತಾಯಂದಿರು ಸಾಲಾಗಿ ನಿಂತಿದ್ದರು. ನಾನು ಸೆಂಟು ಹಾಕುವ ಪೈಕಿಯಲ್ಲ. ಅವತ್ತು ಮಾತ್ರ, ಮಗಳ ಪ್ರಿನ್ಸಿಪಾಲರ ಎದುರು ಬೆವರು ನಾರಬಾರದೆಂದು, ಯಾರದೋ ಮದುವೆಯಲ್ಲಿ ಉಡುಗೊರೆಯಾಗಿ ಬಂದು ಬೀರುವಿನಲ್ಲಿ ಮೂರು ವರ್ಷ ಮಲಗಿದ್ದ ಬಾಟಲಿಯಿಂದ ಕುತ್ತಿಗೆಗೆ ಎರಡು ಸಲ, ಕಂಕುಳಿಗೆ ಎರಡು ಸಲ ಪುಸ್ ಅನ್ನಿಸಿಕೊಂಡು ಬಂದಿದ್ದೆ.

"ಸೆಂಟು ಆಕ್ಕಬ್ಯಾಡಿ ಅಂತ ಮೇಡಮ್ಮೋರು ಚೀಟೀಲಿ ಬರ್ದವ್ರಲ್ಲ ಸಾ. ಓದ್ಲಿಲ್ವಾ?"

ಓದುವುದೇನು ಬಂತು, ಆ ಚೀಟಿಯ ನೂರ ಎಂಬತ್ತು ಪ್ರತಿಗಳನ್ನು ತೆಗೆದುಕೊಟ್ಟವನೇ ನಾನು. ಹಿರೀಸಾವೆ ಬಸ್ ನಿಲ್ದಾಣದ ಎದುರಿಗೆ ನನ್ನದೊಂದು ಜೆರಾಕ್ಸ್ ಅಂಗಡಿ. ಊರಿನ ಎಲ್ಲ ಕಾಗದಗಳೂ ನನ್ನ ಕೈ ದಾಟಿಯೇ ಹೋಗುತ್ತವೆ. ಆದರೆ ಟಪಾಲಿನವನು ಕಾಗದ ಓದುತ್ತಾ ಕೂತರೆ ಊರಿಗೆ ಟಪಾಲು ತಲುಪೀತೆ? ನಾನೂ ಹಾಗೆಯೇ. ಅಂಚು ಸರಿ ಇದೆಯೇ, ಮಸಿ ಸರಿ ಬಿತ್ತೇ, ಅಷ್ಟೇ ನೋಡುವುದು. ಅಂಚನ್ನೂ ಸರಿಯಾಗಿ ನೋಡುವುದಿಲ್ಲ ಎಂಬುದು ಮುಂದೆ ಗೊತ್ತಾಗುತ್ತದೆ.

ಕೆಂಚಯ್ಯ ನನ್ನನ್ನು ನಲ್ಲಿಯ ಹತ್ತಿರ ಕರೆದೊಯ್ದು ಅಂಗಿ ಬಿಚ್ಚಿಸಿದ. ಐವತ್ತರ ಹತ್ತಿರದ ಗಂಡಸು, ಹೊಟ್ಟೆ ಬೇರೆ, ನಲವತ್ತು ಜನರ ಎದುರು ಬನಿಯನ್ನಿನಲ್ಲಿ ನಿಂತು ಕಂಕುಳು ತೊಳೆದುಕೊಂಡೆ. ಅಂಗಿಯನ್ನು ಅವನು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ, ಗಂಟು ಕಟ್ಟಿ, ಗೇಟಿನ ಆಚೆ ಇಟ್ಟ. ತನ್ನ ಇನ್ನೊಂದು ಖಾಕಿ ಅಂಗಿಯನ್ನು ನನಗೆ ತೊಡಿಸಿದ. ಸಭೆಯ ಕೋಣೆಗೆ ಕಾಲಿಟ್ಟದ್ದೇ ತಡ, ಯಾವುದೋ ಮಗುವಿನ ತಾಯಿ ನನ್ನನ್ನು ನೋಡಿ, "ಕುರ್ಚಿ ಸಾಲ್ದು ಕಣಪ್ಪ, ಇನ್ನೆರಡು ತಕಬಾ" ಅಂದರು. ತಂದುಕೊಟ್ಟೆ. ಮೂರನೆಯದು ಇರಲಿಲ್ಲವಾಗಿ ನಿಂತೇ ಇದ್ದೆ.

ನಗುವವರು ನಗಲಿ. ಆ ಖಾಕಿ ಅಂಗಿಯ ಗುಂಡಿಗಳನ್ನು ನಾನು ಎರಡು ಸಲ ತಪ್ಪು ತೂತಿಗೆ ಹಾಕಿದ್ದು ನಾಚಿಕೆಯಿಂದಲ್ಲ. ನಲ್ಲಿಯ ಹತ್ತಿರದಿಂದ ತಲೆಯೆತ್ತಿದರೆ ಶಾಲೆಯ ಹಿಂದಿನ ನೀರಿನ ಟ್ಯಾಂಕು ನೇರವಾಗಿ ಕಾಣುತ್ತದೆ. ಟ್ಯಾಂಕಿನ ತಳಕ್ಕೆ, ಮೊರದಷ್ಟು ಅಗಲವಾಗಿ, ಕಪ್ಪಗೆ, ಹೆಜ್ಜೇನು ಕಟ್ಟಿತ್ತು. ಸುಮ್ಮನೆ ನೋಡಿದರೆ ಸಿಮೆಂಟಿಗೆ ತಾರು ಮೆತ್ತಿದ ಹಾಗೆ. ಎರಡು ನಿಮಿಷ ನೋಡಿದರೆ ಆ ತಾರು ಉಸಿರಾಡುತ್ತದೆ. ಮೇಲಿಂದ ಕೆಳಗೆ ಒಂದು ಅಲೆ ಸರಕ್ಕನೆ ಇಳಿದು ಮಾಯವಾಗುತ್ತದೆ. ಆ ಅಲೆ ನನ್ನ ಬೆನ್ನಲ್ಲೂ ಇಳಿಯಿತು.

ನನಗೆ ಒಬ್ಬಳೇ ಮಗಳು, ತೇಜಶ್ರೀ, ಐದನೇ ತರಗತಿ. ಹೋದ ವರ್ಷ ನಮ್ಮ ಮನೆ ಹಿಂದಿನ ತೆಂಗಿನ ತೋಟದಲ್ಲಿ ಒಂದೇ ಒಂದು ಕಣಜ ಅವಳ ಮೊಣಕೈಗೆ ಕಚ್ಚಿತು. ಕಾಲು ಗಂಟೆಯೊಳಗೆ ತುಟಿ ಊದಿ, ಕಣ್ಣು ಮುಚ್ಚಿಹೋಗಿ, ಉಸಿರು ಸಿಳ್ಳೆ ಹೊಡೆಯತೊಡಗಿತು. ಹಾಸನದ ಆಸ್ಪತ್ರೆಯಲ್ಲಿ ಎರಡು ದಿನ ಇಟ್ಟುಕೊಂಡರು. ಕಳಿಸುವಾಗ ಡಾಕ್ಟರು, "ಜೇನು, ಕಣಜ ಯಾವುದೂ ಇವಳಿಗೆ ಇನ್ನೊಮ್ಮೆ ಕಚ್ಚಬಾರದು. ಕಚ್ಚಿದರೆ ತಕ್ಷಣ ಇದನ್ನು ತೊಡೆಗೆ ಚುಚ್ಚಿ, ಆಮೇಲೆ ಆಸ್ಪತ್ರೆಗೆ ಓಡಿ" ಎಂದು ಇಂಜೆಕ್ಷನ್ನಿನ ಪುಟ್ಟ ಡಬ್ಬಿಯೊಂದನ್ನು ಕೊಟ್ಟಿದ್ದರು. ಅಂಥ ಹುಡುಗಿ ಓದುವ ಶಾಲೆಯ ತಲೆಯ ಮೇಲೆ ಈಗ ಸಾವಿರಾರು ಕೊಂಡಿಗಳು ತೂಗುತ್ತಿದ್ದವು.

ಪ್ರಿನ್ಸಿಪಾಲ್ ಚಕ್ರೇಶ್ವರಿ ಮೇಡಂ ಬಗ್ಗೆ ಇಲ್ಲಿ ಸ್ವಲ್ಪ ಹೇಳಬೇಕು. ಹುಟ್ಟಿದ್ದು ಶ್ರವಣಬೆಳಗೊಳದಲ್ಲಿ. ತಂದೆ ಆದಿರಾಜಯ್ಯನವರದು ಬೆಟ್ಟದ ಬುಡದಲ್ಲೇ ಪಾತ್ರೆ ಅಂಗಡಿ. ದೇಶದ ಮೂಲೆಮೂಲೆಯ ಜನ ಬಂದು ಹತ್ತುವ ಆ ಬೆಟ್ಟವನ್ನು ಬುಡದಲ್ಲೇ ಬೆಳೆದ ಇವರು ಹತ್ತಿದ್ದು ಎರಡೇ ಸಲ. ಹತ್ತುವಾಗ ಹೆದರಿಕೆಯಿಲ್ಲವಂತೆ, ಇಳಿಯುವಾಗಲೇ ಹೆದರಿಕೆಯಂತೆ. ಎರಡು ಸಲವೂ ಕಣ್ಣು ಮುಚ್ಚಿಕೊಂಡು ಅಪ್ಪನ ಪಂಚೆಯ ಚುಂಗು ಹಿಡಿದು, ಕೂತು ಕೂತು ಇಳಿದರಂತೆ. ಹಾಸನದಲ್ಲಿ ಬಿ.ಎಡ್. ಮುಗಿಸಿ ಹಿರೀಸಾವೆಯ ಈ ಶಾಲೆಗೆ ಬಂದು ಇಪ್ಪತ್ತನಾಲ್ಕು ವರ್ಷವಾಯಿತು. ಹಲ್ಲಿ, ಗುಡುಗು, ಲಿಫ್ಟು, ಸಿರಿಂಜು, ಗುರುತಿಲ್ಲದ ನಂಬರಿನಿಂದ ಬರುವ ಫೋನು, ಇಷ್ಟಕ್ಕೂ ಹೆದರುತ್ತಾರೆ. ಹೊತ್ತು ಮುಳುಗುವ ಮೊದಲೇ ಊಟ ಮುಗಿಸುವ ಮನೆತನ. ಹಾಗಾಗಿ ಪೋಷಕರ ವಾಟ್ಸಾಪ್ ಗುಂಪಿಗೆ ಅವರ ಸಂದೇಶ ಬರುವುದೂ ಸರಿಯಾಗಿ ಊಟಕ್ಕೆ ಕೂರುವ ಮುಂಚೆ, ಐದೂಮುಕ್ಕಾಲಕ್ಕೆ.

ಮುಖ್ಯವಾದ ವಿಷಯಗಳಿಗೆ ಮಾತ್ರ ಸುತ್ತೋಲೆ. ಉದ್ದನೆಯ ಲೀಗಲ್ ಹಾಳೆಯಲ್ಲಿ, ದುಂಡಗೆ, ಕೈಬರಹದಲ್ಲೇ ಬರೆಯುತ್ತಾರೆ. ಟೈಪು ಮಾಡಿದ್ದನ್ನು ಜನ ಓದುವುದಿಲ್ಲ, ಕೈಬರಹ ಕಂಡರೆ ಯಾರೋ ತಮ್ಮನ್ನೇ ಬೈದಿದ್ದಾರೆಂದು ಕೊನೆಯ ತನಕ ಓದುತ್ತಾರೆ ಎಂಬುದು ಅವರ ಸಿದ್ಧಾಂತ. ಪ್ರತಿ ಸುತ್ತೋಲೆಯೂ ಒಂದೇ ಮಾತಿನಿಂದ ಶುರು: "ಪೋಷಕರು ಗಾಬರಿಯಾಗಬಾರದು." ಈ ಎರಡು ಪದ ಕಂಡರೆ ನಮ್ಮೂರಿನಲ್ಲಿ ಕೂತವರು ಎದ್ದು ನಿಲ್ಲುತ್ತಾರೆ. ಒಮ್ಮೆ ಅದರ ಕೆಳಗೆ ಇದ್ದದ್ದು ಪಠ್ಯಪುಸ್ತಕ ಒಂದು ವಾರ ತಡ ಎಂಬುದಷ್ಟೇ. ಅಷ್ಟರಲ್ಲಿ ಮೂವರು ಅಜ್ಜಿಯರು ಶಾಲೆಯ ಗೇಟಿಗೆ ಓಡಿಬಂದಾಗಿತ್ತು.

ಈ ವರ್ಷದ ಸುತ್ತೋಲೆಯಲ್ಲಿ ಎಂಟು ಅಂಶಗಳಿದ್ದವು. ಮಕ್ಕಳಿಗೆ ಹೂ ಮುಡಿಸಬೇಡಿ. ಸೆಂಟು, ಪೌಡರು, ವಾಸನೆ ಎಣ್ಣೆ ಬೇಡ. ಹಾರ್ನ್ ಮಾಡಬೇಡಿ, ಗಾಡಿಯನ್ನು ಮೂಲೆಯಿಂದಲೇ ತಳ್ಳಿಕೊಂಡು ಬನ್ನಿ. ಮುಂದಿನ ಸೂಚನೆಯವರೆಗೆ ಶಾಲೆಯಲ್ಲಿ ಬೆಲ್ ಹೊಡೆಯುವುದಿಲ್ಲ, ಪ್ರಾರ್ಥನೆಯನ್ನು ಮನಸ್ಸಿನಲ್ಲೇ ಮಾಡಲಾಗುವುದು. ಡಬ್ಬಿಯಲ್ಲಿ ಬೆಲ್ಲ, ಬಾಳೆಹಣ್ಣು ಕಳಿಸಬೇಡಿ. ಇವುಗಳ ನಡುವೆಯೇ, ಏನೂ ಆಗಿಲ್ಲವೆಂಬಂತೆ, ಶೂ ಒಂದು ಸೈಜು ದೊಡ್ಡದು ತೆಗೆದುಕೊಡಿ, ಆಧಾರ್ ಪ್ರತಿ ಎರಡು ತನ್ನಿ, ನೀರಿನ ಬಾಟಲಿಯ ಮೇಲೆ ಹೆಸರು ಬರೆಯಿರಿ ಎಂದೂ ಇತ್ತು.

ಸಭೆಯಲ್ಲಿ ಮೊದಲು ಎದ್ದವನು ನಾಗೇಶ. ಶಾಲೆಯ ಮಕ್ಕಳನ್ನು ತರುವ ವ್ಯಾನು ಅವನದು.

"ಇದ್ಕೆಲ್ಲ ಚೀಟಿ ಯಾಕೆ ಮೇಡಂ? ಕತ್ಲಾದ್ ಮ್ಯಾಲೆ ಒಂದು ಪಂಜು ಇಡುದ್ರೆ ಎಲ್ಲಾ ಉರ್ದು ಬೀಳ್ತವೆ. ಬೆಳಗ್ಗೆ ಗುಡ್ಸಾಕದು, ಅಷ್ಟೇಯ."

ಮೇಡಂ ಮೇಜಿನ ಅಂಚನ್ನು ಎರಡೂ ಕೈಯಲ್ಲಿ ಹಿಡಿದುಕೊಂಡೇ ಉತ್ತರ ಕೊಟ್ಟರು. ಜೇನು ಬಿಡಿಸುವ ಹುಚ್ಚಯ್ಯನನ್ನು ಕರೆಸಿ ಕೇಳಿದ್ದರಂತೆ. ಎಪ್ಪತ್ತು ದಾಟಿದ ಹುಚ್ಚಯ್ಯ ಬಾಗಿಲ ಹತ್ತಿರವೇ ಬೀಡಿ ಕಿವಿಗೆ ಸಿಕ್ಕಿಸಿಕೊಂಡು ಕುಕ್ಕರಗಾಲಲ್ಲಿ ಕೂತಿದ್ದ.

"ಸುಟ್ರೆ ಅರ್ದ ಸಾಯ್ತವೆ ಕಣಪ್ಪ" ಅಂದ ಅವನು. "ಉಳ್ದವು ಬೆಳಗ್ಗೆ ಮನೆ ಉಡೀಕ್ಕಂಡು ಇಲ್ಲಿಗೇ ಬತ್ತವೆ. ಆಗ ಅವುಕ್ಕೆ ಮಕ್ಳು ಯಾರು, ಮೇಷ್ಟ್ರು ಯಾರು ಅಂತ ಇಲ್ಲ. ಮೂರು ಅದ ಮಳೆ ಉಯ್ಲಿ, ಅವಾಗೇ ಎದ್ದು ಓಯ್ತವೆ. ಅಲ್ಲಿಗಂಟ ಕೆಣಕ್ಬ್ಯಾಡಿ."

ನಾಗೇಶ ಬಿಡಲಿಲ್ಲ. "ನಿಮ್ ಕೈಲಿ ಒಂದು ಉಳ ಸಾಯ್ಸಕ್ಕಾಗಲ್ಲ ಅನ್ನಿ ಮೇಡಂ. ಅದು ನಿಮ್ ಧರ್ಮ. ನಮ್ ಮಕ್ಳು?"

ಮೇಡಂ ನೀರು ಕುಡಿದರು.

"ಆಗಲ್ಲ ನಾಗೇಶ್, ಅದು ನಿಜ. ಆದರೆ ಇದು ಅದಕ್ಕಲ್ಲ. ಇವತ್ತು ಸುಟ್ಟರೆ, ಮನೆ ಕಳಕೊಂಡ ಹುಳಗಳು ಸೋಮವಾರ ಈ ಅಂಗಳದಲ್ಲಿರ್ತವೆ. ನನಗೆ ಈಗಲೇ ಕೈ ನಡುಗ್ತಿದೆ. ಸೋಮವಾರ ನೀವು ಬಂದು ಗೇಟಲ್ಲಿ ನಿಲ್ತೀರಾ?"

ನಾಗೇಶ ಕೂತ. ಹಾಗಾದರೆ ಮಳೆ ಬರುವ ತನಕ ರಜೆ ಕೊಡಿ ಎಂದರು ಯಾರೋ. "ಎಲ್ಡು ತಿಂಗ್ಳು ಮನೇಲಿಟ್ಕಂಡೇ ಸಾಕಾಗ್ಯದೆ, ಇನ್ನೂ ಇಟ್ಕಬೇಕಾ" ಎಂದು ತಾಯಂದಿರ ಕಡೆಯಿಂದ ಒಂದೇ ಕೂಗು. ಮೇಡಂ ರಜೆ ಕೇಳಿ ಮೇಲಧಿಕಾರಿಗಳಿಗೂ ಬರೆದಿದ್ದರು. ಹೆಜ್ಜೇನಿನ ಫೋಟೊ ಸ್ಪಷ್ಟವಾಗಿಲ್ಲ, ಹತ್ತಿರದಿಂದ ತೆಗೆದದ್ದನ್ನು ಲಗತ್ತಿಸಿ ಎಂದು ಮೇಲಿನಿಂದ ಉತ್ತರ ಬಂದಿತ್ತು.

ಸಭೆ ಮುಗಿದ ಮೇಲೆ ನನ್ನನ್ನು ಪಕ್ಕಕ್ಕೆ ಕರೆದರು. ಖಾಕಿ ಅಂಗಿ ನೋಡಿ ಒಂದು ಗಳಿಗೆ ಗುರುತು ಸಿಗಲಿಲ್ಲ.

"ಮಂಜುನಾಥ್, ತೇಜಶ್ರೀಯನ್ನ ಮನೇಲಿ ಇಟ್ಕೊಳ್ಳೋದಾದರೆ ನಾನು ಬೇಡ ಅನ್ನಲ್ಲ. ಆದರೆ ನಿಮ್ಮ ಮನೆ ಇರೋದು ತೋಟದಲ್ಲಿ. ಕಚ್ಚಿದ್ದೂ ಅಲ್ಲೇ. ಇಲ್ಲಿ ನನ್ನ ಕೋಣೆಯಲ್ಲಿ ಕೂತು ಓದಲಿ. ಸೊಳ್ಳೆ ಪರದೆ ತಂದಿದ್ದೀನಿ."

ನಿಜವಾಗಿಯೂ ತಂದಿದ್ದರು. ತಮ್ಮ ಮೇಜಿನ ಪಕ್ಕದಲ್ಲಿ ಪುಟ್ಟ ಡೆಸ್ಕು, ಅದರ ಸುತ್ತ ಸೂರಿನಿಂದ ಇಳಿಬಿಟ್ಟ ನೀಲಿ ಸೊಳ್ಳೆ ಪರದೆ. ಕಿಟಕಿಗಳಿಗೆಲ್ಲ ಕಾಗದ ಅಂಟಿಸಿದ್ದರು. ಇಂಜೆಕ್ಷನ್ನಿನ ಡಬ್ಬಿಯನ್ನು ನನ್ನಿಂದ ಇಸಿದುಕೊಂಡು, ಆರೋಗ್ಯ ಕೇಂದ್ರದ ನರ್ಸ್ ನಾಗಲಕ್ಷ್ಮಿಯಿಂದ ಮೂರು ದಿನ ಪಾಠ ಹೇಳಿಸಿಕೊಂಡರು. ಸಿರಿಂಜು ಕಂಡರೆ ಮುಖ ತಿರುಗಿಸುವ ಹೆಂಗಸು, ಬರೀ ನೀರು ತುಂಬಿ ಸೌತೆಕಾಯಿಗೆ ಚುಚ್ಚಿ ಚುಚ್ಚಿ ಅಭ್ಯಾಸ ಮಾಡಿದರು. ಎಂಟು ಕಾಯಿಗಳಿಗೆ ಕಣ್ಣು ಮುಚ್ಚಿಕೊಂಡೇ ಚುಚ್ಚಿದರಂತೆ. ಕಣ್ಣು ಬಿಟ್ಟು ಚುಚ್ಚಿದ್ದು ಒಂಬತ್ತನೆಯದಕ್ಕೆ. "ಇನ್ನು ಪರವಾಗಿಲ್ಲ" ಎಂದು ನಾಗಲಕ್ಷ್ಮಿ ಹೋದರು. ಆ ಕಾಯಿಗಳನ್ನೆಲ್ಲ ಕೆಂಚಯ್ಯ ಕೋಸಂಬರಿ ಮಾಡಿಕೊಂಡು ತಿಂದ.

ಆಮೇಲಿನ ಎರಡು ವಾರ ನಮ್ಮ ಶಾಲೆಯ ಹಾಗಿನ ಶಾಲೆ ನಾಡಿನಲ್ಲೆಲ್ಲೂ ಇದ್ದಿರಲಾರದು. ಒಂದು ದಿನ ಮಧ್ಯಾಹ್ನ ತಡೆಯಲಾರದೆ ಹೋಗಿ ಗೇಟಿನಿಂದ ಇಣುಕಿದೆ. ನೂರ ಎಂಬತ್ತು ಮಕ್ಕಳು, ಆಟದ ಹೊತ್ತು, ಒಂದು ಸದ್ದಿಲ್ಲ. ಹುಡುಗರು ಬಾಯಿ ಮುಚ್ಚಿಕೊಂಡು ಮುಟ್ಟಾಟ ಆಡುತ್ತಿದ್ದರು. ಸಿಕ್ಕಿಬಿದ್ದವನು ಸದ್ದಿಲ್ಲದೆ ಎರಡೂ ಕೈ ಮೇಲೆತ್ತುತ್ತಿದ್ದ. ಮಗ್ಗಿ ಹೇಳುವ ತರಗತಿಯಲ್ಲಿ ತುಟಿಗಳಷ್ಟೇ ಆಡುತ್ತಿದ್ದವು. ಬಹಳ ಜನ ಇಂಥ ಶಾಲೆಯನ್ನು ಕನಸಿನಲ್ಲಿ ಕಂಡಿರಬಹುದು. ಎದುರಿಗೆ ಕಂಡ ನಾನು ಅಲ್ಲಿ ನಿಲ್ಲಲಾರದೆ ಅಂಗಡಿಗೆ ಹಿಂದಿರುಗಿದೆ. ಅಷ್ಟು ಮಕ್ಕಳು ಸುಮ್ಮನಿರಬೇಕಾದರೆ ಅವರು ಎಷ್ಟು ಹೆದರಿರಬೇಕು.

ದಿನಾ ಹನ್ನೊಂದು ಗಂಟೆಗೆ ಮೇಡಂ ವರಾಂಡದಲ್ಲಿ ಒಂದು ಕೆಂಪು ಟವೆಲ್ ಎತ್ತಿ ಹಿಡಿಯುತ್ತಿದ್ದರು. ಕಂಡ ಕೂಡಲೇ ಎಲ್ಲರೂ ಕೋಣೆ ಸೇರಿ, ಬಾಗಿಲು ಕಿಟಕಿ ಹಾಕಿ, ಬೆಂಚಿನ ಕೆಳಗೆ ತೂರಬೇಕು. ಮೊದಲ ದಿನ ಮೂರು ನಿಮಿಷ ಹಿಡಿಯಿತಂತೆ. ಎರಡನೇ ವಾರಕ್ಕೆ ನಲವತ್ತು ಸೆಕೆಂಡಿಗೆ ಇಳಿಯಿತು.

ಮಳೆ ಮಾತ್ರ ಬರಲಿಲ್ಲ. ಬಸ್ಸಿನಿಂದ ಇಳಿದವರನ್ನೆಲ್ಲ ಕೇಳುತ್ತಿದ್ದೆ. ಅರಕಲಗೂಡಿನ ಕಡೆ ಚೆನ್ನಾಗಿ ಹೊಯ್ತಂತೆ, ಹೊಳೆನರಸೀಪುರದಲ್ಲಿ ಚರಂಡಿ ತುಂಬಿತಂತೆ, ಚನ್ನರಾಯಪಟ್ಟಣದ ತನಕ ಹನಿ ಹಾಕಿತಂತೆ. ಹಿರೀಸಾವೆಯ ಮೇಲೆ ಬರೀ ಮೋಡ. ಸಂಜೆ ಐದೂಮುಕ್ಕಾಲಕ್ಕೆ ಫೋನು ಗುಂಯ್ ಎನ್ನುತ್ತಿತ್ತು: "ಪೋಷಕರು ಗಾಬರಿಯಾಗಬಾರದು. ಇಂದೂ ಮಳೆ ಬಂದಿಲ್ಲ." ಆ ಗುಂಯ್ ಸದ್ದೇ ಜೇನಿನದಾಗಿ ಕೇಳತೊಡಗಿ, ಫೋನನ್ನು ಬರೀ ಬೆಳಕು ಬರುವ ಹಾಗೆ ಬದಲಿಸಿದೆ. ಆಮೇಲೆ ಶಾಲೆಯಿಂದ ಕರೆ ಬಂದರೆ ಗೊತ್ತಾಗದೆ ಹೋದೀತೆಂದು ಹೆದರಿ ಮತ್ತೆ ಸದ್ದಿಗೆ ಹಾಕಿದೆ. ದಿನಕ್ಕೆ ನಾಲ್ಕು ಸಲ ಇದೇ ಕೆಲಸ.

ನನ್ನ ತಾಯಿ ಸಣ್ಣಕ್ಕನಿಗೆ ನನಗಿಂತ ಹೆಚ್ಚು ದಿಗಿಲು. ಹೋದ ವರ್ಷ ಕಣಜ ಕಚ್ಚಿದಾಗ ಮೊಮ್ಮಗಳು ಅವಳ ತೊಡೆಯ ಮೇಲೆಯೇ ಸಿಳ್ಳೆ ಉಸಿರು ಬಿಟ್ಟಿದ್ದಳು. ಗುರುವಾರ ಸಂಜೆ ಅಂಗಡಿಗೆ ಬಂದು ಸ್ಟೂಲಿನ ಮೇಲೆ ಕೂತಳು.

"ಲೋ ಮಂಜ, ಆ ಮೇಡಮ್ಮನ ಚೀಟೀಲಿ ಏನೇನು ಮಾಡ್ಬಾರ್ದು ಅಂತ ಅದೆ, ಓದ್ಲಾ."

ಓದಿದೆ. ಎಂಟನ್ನೂ ಓದಿದೆ.

"ಅಷ್ಟೇನಾ?"

"ಅಷ್ಟೇಯ ಕಣವ್ವ."

"ದ್ಯಾವ್ರುಗೆ ಕೈ ಮುಗೀಬಾರ್ದು, ದೂಪ ಆಕ್ಬಾರ್ದು ಅಂತೇನೂ ಇಲ್ವಲ್ಲ?"

ಮನೆಯ ದೇವರಿಗೆ ಅಂದುಕೊಂಡೆ. "ದೇವ್ರ ಮೇಲೆ ಮೇಡಮ್ಮಂಗೆ ಏನ್ ಸಿಟ್ಟವ್ವ? ಅದೇನೂ ಬರ್ದಿಲ್ಲ" ಅಂದೆ. ನನ್ನ ಮಾತಿಗೆ ನಾನೇ ನಕ್ಕೆ. ಅವ್ವ ನಗಲಿಲ್ಲ. ತಲೆಯಾಡಿಸಿ ಎದ್ದುಹೋದಳು.

ಮುಂದಿನದನ್ನು ನಾನು ಕಣ್ಣಾರೆ ಕಾಣಲಿಲ್ಲ. ಅವ್ವ, ಮಗಳು, ಕೆಂಚಯ್ಯ ಹೇಳಿದ್ದನ್ನು ಸೇರಿಸಿ ಹೇಳುತ್ತಿದ್ದೇನೆ.

ಶುಕ್ರವಾರ ಬೆಳಗ್ಗೆ ಹತ್ತು ಗಂಟೆಗೆ ಅವ್ವ ತಲೆಗೆ ನೀರು ಹಾಕಿಕೊಂಡು, ತಟ್ಟೆಯಲ್ಲಿ ಅರಿಸಿನ ಕುಂಕುಮ, ಒಂದು ತೆಂಗಿನಕಾಯಿ, ಮಣ್ಣಿನ ಧೂಪದ ಬಟ್ಟಲಲ್ಲಿ ಕೆಂಡ ಇಟ್ಟುಕೊಂಡು ಶಾಲೆಯ ಹಿಂದಿನ ಓಣಿಗೆ ಹೋದಳು. ಕೆಂಚಯ್ಯ ಇರುವುದು ಮುಂದಿನ ಗೇಟಿನಲ್ಲಿ. ಓಣಿಯಲ್ಲಿ ಅವಳನ್ನು ಮೂಸುವವರು ಯಾರೂ ಇರಲಿಲ್ಲ. ಕಾಂಪೌಂಡಿನ ಗೋಡೆಗೂ ಟ್ಯಾಂಕಿಗೂ ಹತ್ತು ಮಾರು ದೂರ. ಗೋಡೆಗೆ ಕುಂಕುಮ ಇಟ್ಟು, ಕೆಂಡದ ಮೇಲೆ ಸಾಂಬ್ರಾಣಿ ಪುಡಿ ಸುರಿದಳು. ಸಾಂಬ್ರಾಣಿಗೆ ಅವಳು ಕೈ ಹಿಡಿಯುವವಳಲ್ಲ. ಮನೆಯಲ್ಲಿ ಹಾಕಿದರೆ ಎದುರಿಗೆ ಕೂತವರ ಮುಖ ಕಾಣುವುದಿಲ್ಲ.

ಹೊಗೆ ಎದ್ದಿತು. ಗಾಳಿ ಟ್ಯಾಂಕಿನ ಕಡೆಗಿತ್ತು.

"ಎಜ್ಜೇನವ್ವ, ನಿನ್ ದಮ್ಮಯ್ಯ ಕಣವ್ವ" ಅಂದಳು ನನ್ನ ತಾಯಿ. "ನಮ್ ಮೊಮ್ಮಗ್ಳು ಅವ್ಳೆ ಇಲ್ಲಿ, ಒಂದು ಕಡಿದ್ರೂ ತಡ್ಕಳಲ್ಲ. ನಿನ್ ಮಕ್ಳ ಕರ್ಕಂಡು ಬ್ಯಾರೆ ಕಡೀಕ್ಕೆ ಓಗವ್ವ."

ಮಾಮೂಲಿ ಶಾಲೆಯಾಗಿದ್ದರೆ ಈ ಮಾತು ಯಾರಿಗೂ ಕೇಳುತ್ತಿರಲಿಲ್ಲ. ಅಂಥ ಸದ್ದಿಲ್ಲದ ಶಾಲೆಯಲ್ಲಿ ಸೊಳ್ಳೆ ಪರದೆಯೊಳಗೆ ಕೂತ ತೇಜಶ್ರೀಗೆ ಅಜ್ಜಿಯ ದನಿ ಕಿವಿಯ ಪಕ್ಕವೇ ಕೇಳಿತು. ಅದರ ಹಿಂದೆಯೇ ಇನ್ನೊಂದು ಸದ್ದು, ದೂರದಲ್ಲಿ ಲಾರಿ ಬಂದ ಹಾಗೆ. ಮೇಡಂ ವರಾಂಡದಲ್ಲಿದ್ದರು. ಮಗಳು ಪರದೆ ಎತ್ತಿ ಹಿಂದಿನ ಬಾಗಿಲು ತೆಗೆದು ಓಡಿದಳು. "ಅಜ್ಜಿ, ಓಡೋಗಜ್ಜಿ" ಎಂದು ಕೂಗುತ್ತಾ ಓಡಿದಳಂತೆ. ಎರಡು ವಾರದಲ್ಲಿ ಆ ಶಾಲೆಯಲ್ಲಿ ಕೇಳಿದ ಮೊದಲ ಕೂಗು ಅದು.

ಟ್ಯಾಂಕಿನ ತಳದ ತಾರು ಕಳಚಿಕೊಂಡು ಗಾಳಿಗೆ ಬಂತು.

ಮೇಡಂ ಕೆಂಪು ಟವೆಲ್ ಎತ್ತಿದರು. ಬಾಗಿಲುಗಳು ಒಂದಾದ ಮೇಲೊಂದು ಮುಚ್ಚಿಕೊಂಡವು. ಟವೆಲನ್ನು ಕೆಂಚಯ್ಯನ ಕೈಗೆ ಕೊಟ್ಟು ತಮ್ಮ ಕೋಣೆಗೆ ಹೋದರೆ ಡೆಸ್ಕು ಖಾಲಿ, ಹಿಂದಿನ ಬಾಗಿಲು ತೆರೆದಿದೆ. ಬಾಗಿಲಿನಲ್ಲಿ ಅವರು ನಿಂತದ್ದನ್ನು ಕೆಂಚಯ್ಯ ಕಂಡ. "ನಿಂತ್ಕಂಡು ಗಡಗಡ ನಡುಗ್ತಿದ್ರು ಸಾ. ಬಾಗ್ಲು ಆಕ್ಕತಾರೆ ಅನ್ಕಂಡೆ. ನಾನಾಗಿದ್ರೆ ಆಕ್ಕತಿದ್ದೆ." ಅವರು ಸೊಳ್ಳೆ ಪರದೆಯನ್ನು ಮೊಳೆಸಮೇತ ಕಿತ್ತುಕೊಂಡು ಹೊರಗೆ ಓಡಿದರು.

ಕಾಂಪೌಂಡಿನ ಹಿಂದಿನ ಪುಟ್ಟ ಗೇಟಿನ ಹತ್ತಿರ ಅಜ್ಜಿ ಮೊಮ್ಮಗಳು ಒಬ್ಬರನ್ನೊಬ್ಬರು ತಬ್ಬಿಕೊಂಡು ನಿಂತಿದ್ದರು. ಅಜ್ಜಿಯ ಸೆರಗಿನೊಳಗೆ ಹುಡುಗಿಯ ತಲೆ. ಮೇಡಂ ಇಬ್ಬರ ಮೇಲೂ ಪರದೆ ಹೊದಿಸಿ, ಅಂಚನ್ನು ಕೆಳಗಿನ ತನಕ ಎಳೆದು, ದನ ಹೊಡೆದುಕೊಂಡು ಬರುವ ಹಾಗೆ ತಳ್ಳುತ್ತಾ ಕೋಣೆಗೆ ತಂದರು. ಪರದೆ ಇಬ್ಬರಿಗೆ ಸಾಲುವಷ್ಟೇ ಇತ್ತು. ಮೇಡಂ ಅದರ ಹೊರಗಿದ್ದರು.

ಒಳಗೆ ಬಂದು ನೋಡಿದರೆ ಪರದೆ ಬೀಳುವ ಮುಂಚೆಯೇ ಒಂದು ಹುಳ ತೇಜಶ್ರೀಯ ಕಿವಿಯ ಹಿಂದೆ ಕೊಂಡಿ ಬಿಟ್ಟಿತ್ತು. ತುಟಿ ಊದುತ್ತಿತ್ತು. ಆ ಸಿಳ್ಳೆ ಶುರುವಾಗಿತ್ತು. ಮೇಡಂ ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದ ಡಬ್ಬಿ ತೆಗೆದರು. ಅವರ ಕೂದಲಲ್ಲಿ ಇನ್ನೂ ಹುಳಗಳು ಗುಂಯ್‌ಗುಟ್ಟುತ್ತಿದ್ದವಂತೆ. ಕೈ ನಡುಗುತ್ತಿದ್ದುದರಿಂದ ಮೊಣಕೈಯನ್ನು ಮೇಜಿಗೆ ಒತ್ತಿ ಹಿಡಿದು ಮದ್ದು ತುಂಬಿದರಂತೆ. ಮಗಳು ಆಮೇಲೆ ನನಗೆ ಹೇಳಿದ್ದು: "ಮಿಸ್ಸು ಕಣ್ಣು ಮುಚ್ಚಲಿಲ್ಲಪ್ಪ. ನಾನೇ ಮುಚ್ಕೊಂಡೆ."

ನನಗೆ ಫೋನು ಬಂದದ್ದು ಹತ್ತೂವರೆಗೆ. ಯಾವ ಸದ್ದಿಗೆ ಎರಡು ವಾರ ಕಿವಿ ಕೊಟ್ಟು ಕೂತಿದ್ದೆನೋ ಅದು ಬಂದಾಗ ಎತ್ತಲು ಕೈ ಬರಲಿಲ್ಲ. ಎತ್ತಿದರೆ ಕೆಂಚಯ್ಯ: "ಸಾ, ರೋಡ್ಗೆ ಬನ್ನಿ, ವ್ಯಾನು ಬತ್ತಾದೆ." ಅಷ್ಟೇ. ಅಂಗಡಿಯ ಬಾಗಿಲು ಎಳೆಯದೆ ಹೆದ್ದಾರಿಯ ಅಂಚಿಗೆ ಓಡಿದೆ. ನಾಗೇಶನ ವ್ಯಾನು ಲೈಟು ಹಾಕಿಕೊಂಡು ಬಂತು. ಎದುರಿಗೆ ದನ ಅಡ್ಡ ಬಂದರೂ ಅವನು ಹಾರ್ನ್ ಮಾಡುತ್ತಿಲ್ಲ, ಕಿಟಕಿಯಿಂದ ಕೈ ಬೀಸುತ್ತಿದ್ದಾನೆ. ಎರಡು ವಾರದ ಅಭ್ಯಾಸ. ವ್ಯಾನು ನಿಂತದ್ದೇ ತಡ, ಹತ್ತಿಕೊಂಡೆ. ಒಂದು ಮೈಲಿ ಹೋದ ಮೇಲೆ ಯಾರಿಗೋ ಹೊಳೆದು, "ಇಲ್ಲಿ ಒಡ್ಕಳಪ್ಪ ಆರ್ನು" ಅಂದರು. ಆಮೇಲೆ ಚನ್ನರಾಯಪಟ್ಟಣದ ತನಕ ಅವನು ಹಾರ್ನಿನಿಂದ ಕೈ ತೆಗೆಯಲಿಲ್ಲ.

ಆ ದಾರಿಯುದ್ದಕ್ಕೂ ನಾನು ಮಗಳ ಎದೆಯನ್ನಷ್ಟೇ ನೋಡುತ್ತಿದ್ದೆ. ಏರಿತು, ಇಳಿಯಿತು. ಏರಿತು. ಇಳಿಯುವುದು ಒಂದು ಕ್ಷಣ ತಡವಾದರೆ ನನ್ನ ಉಸಿರೂ ಅಲ್ಲೇ ನಿಲ್ಲುತ್ತಿತ್ತು. ಪಕ್ಕದಲ್ಲಿ ಅವ್ವ. ಅವಳ ಕೈಮೇಲೆಲ್ಲ ದದ್ದು. "ಓದಿದ್ಯಲ್ಲ ನೀನು, ಇಲ್ಲ ಅಂದ್ಯಲ್ಲ ಮಂಜ" ಎಂದು ಒಂದೇ ಸಮನೆ ಅನ್ನುತ್ತಿದ್ದಳು. ಅವಳು ಏನು ಹೇಳುತ್ತಿದ್ದಾಳೆಂಬುದು ನನ್ನ ತಲೆಗೆ ಹೋಗಲಿಲ್ಲ.

ಚನ್ನರಾಯಪಟ್ಟಣದ ಬ್ಯಾಂಕಿನಲ್ಲಿ ಕೆಲಸ ಮಾಡುವ ನನ್ನಾಕೆ ನಮಗಿಂತ ಮೊದಲೇ ಆಸ್ಪತ್ರೆಯ ಬಾಗಿಲಲ್ಲಿದ್ದಳು. ಒಂದು ಗಂಟೆಯ ನಂತರ ಡಾಕ್ಟರು ಹೊರಗೆ ಬಂದು, ಉಸಿರು ಸರಿಹೋಗಿದೆ, ರಾತ್ರಿ ಇಲ್ಲೇ ಇರಲಿ ಅಂದರು. ಅಲ್ಲಿದ್ದ ಔಷಧಿಯ ಪೆಟ್ಟಿಗೆಯ ಮೇಲೆ ಕೂತೆ. ಅದು ಮುರಿಯಿತು.

"ಮೊದಲ ಇಂಜೆಕ್ಷನ್ ಸರಿಯಾದ ಹೊತ್ತಿಗೆ ಬಿದ್ದಿದೆ. ಯಾರು ಕೊಟ್ಟಿದ್ದು?" ಅಂದರು ಡಾಕ್ಟರು.

ಎದುರಿನ ಬೆಂಚಿನಿಂದ ಒಂದು ಕೈ ಮೇಲೆದ್ದಿತು, ತರಗತಿಯಲ್ಲಿ ಏಳುವ ಹಾಗೆ. ಮುಖ ಕುಂಬಳಕಾಯಿಯಷ್ಟು ಊದಿ, ಒಂದು ಕಣ್ಣು ಪೂರಾ ಮುಚ್ಚಿಹೋಗಿದ್ದ ಆ ಹೆಂಗಸು ನಮ್ಮ ವ್ಯಾನಿನಲ್ಲೇ ಬಂದಿದ್ದ ಮೇಡಂ ಎಂದು ನನಗೂ ಒಂದು ಗಳಿಗೆ ಗುರುತು ಸಿಗಲಿಲ್ಲ. ನರ್ಸುಗಳು ಅವರ ಮೈಯಿಂದ ಇಪ್ಪತ್ತಮೂರು ಕೊಂಡಿ ಕಿತ್ತರು. ಸಂಜೆ ಐದೂಮುಕ್ಕಾಲಕ್ಕೆ ಪೋಷಕರ ಗುಂಪಿಗೆ ಸಂದೇಶ ಬಂತು: "ಪೋಷಕರು ಗಾಬರಿಯಾಗಬಾರದು. ತೇಜಶ್ರೀ ಕ್ಷೇಮ. ಉಳಿದ ಯಾವ ಮಗುವಿಗೂ ಕಚ್ಚಿಲ್ಲ. ಸೋಮವಾರ ಆಧಾರ್ ಪ್ರತಿ ತರಲು ಮರೆಯದಿರಿ." ತಮ್ಮ ಬಗ್ಗೆ ಒಂದಕ್ಷರ ಇರಲಿಲ್ಲ.

ಶನಿವಾರ ಮಳೆ ಹೊಯ್ಯಿತು. ಭಾನುವಾರ ಹೊಯ್ಯಿತು. ಮಂಗಳವಾರ ಇಡೀ ಸಂಜೆ ಹೊಯ್ಯಿತು. ಬುಧವಾರ ಬೆಳಗ್ಗೆ ಟ್ಯಾಂಕಿನ ತಳದಲ್ಲಿ ಬರೀ ಬಿಳಿಯ ಜೇನುರೊಟ್ಟು ನೇತಾಡುತ್ತಿತ್ತು, ಒಂದು ಹುಳವಿರಲಿಲ್ಲ. ಕೆಂಚಯ್ಯ ಬೆಲ್ ಹೊಡೆದ. ನೂರ ಎಂಬತ್ತು ಮಕ್ಕಳು ಕಿರುಚಿದ ಸದ್ದು ಬಸ್ ನಿಲ್ದಾಣದ ತನಕ ಕೇಳಿತೆಂದು ಆಮೇಲೆ ಜನ ಹೇಳಿದರು. ನಾನು ಗೇಟಿನಲ್ಲೇ ಇದ್ದೆ, ಮಗಳ ಕೈ ಹಿಡಿದುಕೊಂಡು. ಆ ಸದ್ದಿಗೂ ಬೆಚ್ಚಿಬಿದ್ದೆ.

ತೇಜಶ್ರೀ ತರಗತಿಗೆ ಓಡಿದಳು. ನಾನು ಮೇಡಂ ಕೋಣೆಗೆ ಹೋದೆ. ಏನು ಹೇಳಬೇಕೆಂದು ದಾರಿಯಲ್ಲೆಲ್ಲ ಜೋಡಿಸಿಕೊಂಡು ಬಂದಿದ್ದೆ. ಅವರು ಊದಿದ ಮುಖದಲ್ಲೇ ಕೂತು, ಲೀಗಲ್ ಹಾಳೆಯ ಮೇಲೆ ಮುಂದಿನ ಸುತ್ತೋಲೆ ಬರೆಯುತ್ತಿದ್ದರು. ಮೇಜಿನ ಗಾಜಿನ ಕೆಳಗೆ ಎರಡು ಕಾಗದಗಳು ಪಕ್ಕಪಕ್ಕದಲ್ಲಿ ಇದ್ದವು. ಒಂದು ಹೆಜ್ಜೇನು ಸುತ್ತೋಲೆಯ ಮೂಲ. ಇನ್ನೊಂದು ನಾನು ತೆಗೆದುಕೊಟ್ಟ ಪ್ರತಿ.

ಮೂಲದಲ್ಲಿ ಒಂಬತ್ತು ಅಂಶಗಳಿದ್ದವು. ಒಂಬತ್ತನೆಯದು ಎಲ್ಲಕ್ಕಿಂತ ದಪ್ಪ ಅಕ್ಷರದಲ್ಲಿತ್ತು: "ಶಾಲೆಯ ಸುತ್ತ ಯಾರೂ ಊದುಬತ್ತಿ, ಧೂಪ, ಹೊಗೆ ಹಾಕಬಾರದು." ಅದರ ಕೆಳಗೆ ಅವರ ಸಹಿ.

ನನ್ನ ಪ್ರತಿಯಲ್ಲಿ ಎಂಟು. ಆ ಕೆಳಗೆ ಕಾಗದವೇ ಇಲ್ಲ.

ಎಲ್ಲವೂ ನೆನಪಾಯಿತು. ಪ್ರತಿ ತೆಗೆದ ದಿನ ಹತ್ತಕ್ಕೆ ಕರೆಂಟು ಹೋಗುವುದಿತ್ತು. ಲೀಗಲ್ ಹಾಳೆ ಮುಗಿದಿತ್ತು. ಅಕ್ಷರ ಕುಗ್ಗಿಸಿ ತೆಗೆಯಬೇಕಿತ್ತು. ಯಾರು ಕುಗ್ಗಿಸುತ್ತಾರೆಂದು ಗಿಡ್ಡ ಹಾಳೆ ತುಂಬಿ ಗುಂಡಿ ಒತ್ತಿದ್ದೆ. ಕೆಳಗಿನ ಎರಡಂಗುಲ ಯಂತ್ರದಾಚೆ ಉಳಿದಿತ್ತು. ನೂರ ಎಂಬತ್ತು ಮನೆಗಳಿಗೆ ಸಹಿಯಿಲ್ಲದ ಸುತ್ತೋಲೆ ಹೋಗಿತ್ತು. ಇಡೀ ಊರು ಹೆದರಿತ್ತು, ಸಹಿ ಎಲ್ಲಿ ಎಂದು ಒಬ್ಬರೂ ಕೇಳಿರಲಿಲ್ಲ. ಧೂಪ ಹಾಕಬಾರದು ಅಂತ ಇದೆಯಾ ಎಂದು ಕೇಳಿದ ಒಬ್ಬಳೇ ಒಬ್ಬಳಿಗೆ, ಇಲ್ಲ ಎಂದು ನಾನೇ ಓದಿ ಹೇಳಿದ್ದೆ.

ಜೋಡಿಸಿಕೊಂಡು ಬಂದ ಮಾತೆಲ್ಲ ಮರೆತುಹೋಯಿತು. ಮೇಡಂ ತಲೆಯೆತ್ತಿರಲಿಲ್ಲ. ಅವರು ಎರಡು ಕಾಗದಗಳ ವ್ಯತ್ಯಾಸವನ್ನು ಗಮನಿಸಿಲ್ಲವೇನೋ ಎಂದು ಒಂದು ಆಸೆ. ಈಗಲೇ ಹೇಳಿಬಿಡಲೇ, ಇನ್ನೊಂದು ದಿನ ಹೇಳಲೇ ಎಂದು ತೂಗುತ್ತಾ, ಅಲ್ಲಿಯ ತನಕ ಏನಾದರೂ ಮಾತಾಡಬೇಕಲ್ಲ ಎಂದು ಕೇಳಿದೆ:

"ಮೇಡಂ, ಅಷ್ಟೊಂದು ಹುಳದ ನಡುವೆ ಓಡಿದ್ರಲ್ಲ. ನಿಮಗೆ ಭಯ ಆಗ್ಲಿಲ್ವಾ?"

ಅವರು ಪೆನ್ನಿನ ಮುಚ್ಚಳ ಹಾಕಿದರು. ತೆರೆದಿದ್ದ ಒಂದು ಕಣ್ಣಿನಿಂದ ನನ್ನನ್ನು ನೋಡಿದರು.

"ಭಯ ಆಯ್ತು. ಅದು ಹತ್ತನೇ ಅಂಶ. ಒಂಬತ್ತರ ಜೊತೆ ಅದೂ ನಿಮ್ಮ ಮೆಷಿನ್ನಲ್ಲೇ ಉಳಿದಿರಬೇಕು, ನೋಡಿ."